ನೀರು ಕಾಣದ ಕೌದಿ

ಕೀಂಯ್, ಕೀಂಯ್, ಈ ತಳ್ಳುಗಾಡಿಯ ಗಾಲಿ ಥೇಟ್ ಅಪ್ಪನ ಅಕ್ಕ ಸೋಪಿನತ್ತೆಯ ಹಾಗೇ ಕೂಗುತ್ತದೆ, ಕೈ ತೊಳೆದೆಯೇನೇ, ಕೈ ತೊಳೆದೆಯೇನೇ, ಸತ್ತು ಎಷ್ಟೋ ಕಾಲವಾಗಿದ್ದರೂ ಅತ್ತೆಯ ದನಿ ಮಾತ್ರ ಯಾವುದಾದರೊಂದು ಗಾಲಿಗೋ ಬಾಗಿಲ ತಿರುಗಣಿಗೋ ಅಂಟಿಕೊಂಡು ಸಿಗುತ್ತಲೇ ಇರುತ್ತದೆ, ಅವಳು ಗಾಡಿಯ ಹಿಂದೆ ಓಡಿದಳು, ನಿಲ್ಲಿಸಿ, ಸ್ವಲ್ಪ ನಿಲ್ಲಿಸಿ, ತಳ್ಳುವವನು ನಿಲ್ಲಿಸಲಿಲ್ಲ, ಇಳಿಜಾರಿನಲ್ಲಿ ಯಾವನು ನಿಲ್ಲುತ್ತಾನೆ, ಗೋಡೆಯುದ್ದಕ್ಕೂ ದಪ್ಪ ಕೊಳವೆಗಳು, ಕೊಳವೆಗಳ ಮೈತುಂಬ ಬೆವರು, ಆಸ್ಪತ್ರೆಯ ಹೊಟ್ಟೆಯೊಳಗೆ ಇಳಿದರೆ ಹೀಗೇ ಇರುತ್ತದೇನೋ, ಮೇಲೆಲ್ಲ ತಣ್ಣನೆಯ ಮುಖ, ಪಿಸುಮಾತು, ಕೆಳಗೆ ಕರುಳಿನ ಗುಡುಗುಡು, ಗಾಡಿಯಲ್ಲಿ ಬಿಳಿ, ಬಿಳಿಯ ಮೇಲೆ ಬಿಳಿ, ಹಾಸಿಗೆಯ ಬಿಳಿ, ದಿಂಬಿನ ಬಿಳಿ, ಓಡುತ್ತಲೇ ಕೈ ಹಾಕಿ ಒಂದನ್ನು ಎಳೆದಳು, ಬರೀ ಹೊದಿಕೆ, ತೆಳ್ಳಗೆ, ಇದಲ್ಲ, ಇನ್ನೊಂದು, ಇದೂ ಅಲ್ಲ, ಅಮ್ಮನ ಕೌದಿ ದಪ್ಪ, ಎತ್ತಿದರೆ ನಿದ್ದೆಹೋದ ಮಗುವಿನಷ್ಟು ಭಾರ, ಅದರ ಮೇಲೊಂದು ಬಿಳಿ ಗವಸು, ಆ ಬಿಳಿ ಗವಸು ಹೊಲಿದವರು ಯಾರಪ್ಪಾ ಅಂದರೆ ಇವಳೇ, ಈ ಮಹಾ ಬುದ್ಧಿವಂತೆಯೇ, ಬಿಸಿನೀರಿನ ಫ್ಲಾಸ್ಕು ಇನ್ನೂ ಎಡಗೈಯಲ್ಲೇ ಇದೆ, ಅಮ್ಮನಿಗೆ ಗಂಟಲು ಒಣಗಿದೆಯಂತೆ, ಗಂಟಲು ಅಲ್ಲಿ ಮೇಲೆ, ನೀರು ಇಲ್ಲಿ ಕೆಳಗೆ, ಕೌದಿ ಎಲ್ಲೋ, ಬಾ ತಾಯಿ, ಎಲ್ಲಿದ್ದೀಯ, ಬಾ.

ಹೊರಗಿನ ಬಟ್ಟೆ ವಾರ್ಡೊಳಗೆ ಬೇಡ ಅಂದಿದ್ದರು ಸಿಸ್ಟರ್, ಮೂಗಿನಲ್ಲೇ ಮಾತು, ಸೋಂಕು ಆಗುತ್ತೆ, ಧೂಳು ಇರುತ್ತೆ, ಇದೇನ್ರೀ ಇದು, ಚಿಂದಿ ಎಲ್ಲ ಸೇರಿಸಿ ಹೊಲಿದಿದ್ದೀರಿ, ಹೊಲಿಗೆ ಗಂಟೂ ಮೇಲೇ ಬಿಟ್ಟಿದ್ದೀರಿ, ಮುಗಿಸೋಕೆ ಟೈಮ್ ಸಿಗಲಿಲ್ವಾ, ಅಯ್ಯೋ ಸಿಸ್ಟರ್, ಗಂಟು ಮೇಲೆ ಬಿಟ್ಟಿರುವುದು ಬೆರಳಿಗೆ ಸಿಗಲಿ ಅಂತ, ಒಂದೊಂದು ತೇಪೆಯೂ ಸತ್ತ ಒಬ್ಬೊಬ್ಬರ ಬಟ್ಟೆ, ಒಂಟಿ ಗಂಟು ಅಮ್ಮನ ಕಡೆಯವರು, ಜೋಡಿ ಗಂಟು ಅಪ್ಪನ ಕಡೆಯವರು, ನಂಟಿಗೊಂದು ಗಂಟು, ಸಕ್ಕರೆ ಕಾಯಿಲೆ ಅಮ್ಮನ ಕಣ್ಣನ್ನು ನಿಧಾನಕ್ಕೆ ತಿಂದುಹಾಕಿದ ಮೇಲೆ ಅವಳು ಓದುವುದು ಇದೊಂದನ್ನೇ, ಬೆರಳಲ್ಲಿ, ಎಂದು ಹೇಳಬೇಕಿತ್ತು, ಹೇಳಲಿಲ್ಲ, ಹೂಂ ಸಿಸ್ಟರ್, ಸರಿ ಸಿಸ್ಟರ್, ಎಂದು ಕೌದಿಯನ್ನು ಮನೆಗೆ ಒಯ್ದು, ಆಸ್ಪತ್ರೆಯ ಹೊದಿಕೆಯಂಥದ್ದೇ ಬಿಳಿ ಬಟ್ಟೆ ತಂದು, ಅಂಥದ್ದೇ ಅಂಚು ಮಡಿಸಿ, ಒಂದು ಮಗ್ಗುಲು ಮಾತ್ರ ಅಮ್ಮನ ಕೈ ತೂರುವಷ್ಟು ತೆರೆದಿಟ್ಟು ಗವಸು ಹೊಲಿದಳು, ಮಾರನೆಯ ದಿನ ಸಿಸ್ಟರ ಮೂಗಿನ ಕೆಳಗೇ ತಂದು ಹೊದಿಸಿದಳು, ತಮ್ಮ ಗುರುತು ಹಿಡಿಯಲಿಲ್ಲ, ಸಿಸ್ಟರ್ ಹಿಡಿಯಲಿಲ್ಲ, ಎಂಥಾ ಮಿಮಿಕ್ರಿ ನೋಡು, ಇಷ್ಟು ದಿನ ಬರೀ ಗಂಟಲಲ್ಲಿ ಮಾಡುತ್ತಿದ್ದೆ, ಈಗ ಸೂಜಿಯಲ್ಲೂ ಮಾಡಿದೆ, ಕೌದಿಯ ಬಾಯಲ್ಲಿ ಆಸ್ಪತ್ರೆಯ ಹೊದಿಕೆಯ ದನಿ, ಎಂದು ಬೀಗಿದ್ದೇ ಬೀಗಿದ್ದು, ಅಷ್ಟು ಚೆನ್ನಾಗಿ ಮಾಡಿದ್ದಕ್ಕೇ ಆಯಾ ಕೂಡ ಗುರುತು ಹಿಡಿಯಲಿಲ್ಲ, ದೊಡ್ಡ ಡಾಕ್ಟರ್ ಬರುವ ಹೊತ್ತಾಯಿತೆಂದು ಹಾಸಿದ್ದು ಹೊದ್ದಿದ್ದು ಬಿಳಿ ಇದ್ದದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿ ಕೆಳಗೆ ಕಳಿಸಿದಳು, ತಮ್ಮ ಎಲ್ಲಿದ್ದ, ಕಾರಿಡಾರಿನಲ್ಲಿ, ಫೋನಿನಲ್ಲಿ, ಒಂದೇ ಒಂದು ನಿಮಿಷ ಹೊರಗೆ ಬಂದೆ ಅಕ್ಕ, ನಿನ್ನ ಒಂದು ನಿಮಿಷ ನನಗೆ ಗೊತ್ತಿಲ್ಲವೇನೋ, ಊಟಕ್ಕೆ ಕರೆದರೂ ಒಂದು ನಿಮಿಷ, ಮದುವೆ ಆಗೋ ಅಂದರೂ ಒಂದು ನಿಮಿಷ, ಫ್ಲಾಸ್ಕು ಹಿಡಿದು ಬಂದು ನೋಡಿದರೆ ಹೊಸ ಬಿಳಿ, ಗರಿಗರಿ ಬಿಳಿ, ಅದರ ಮೇಲೆ ಅಮ್ಮನ ಬೆರಳು ನಡೆಯುತ್ತಿದೆ, ಇರುವೆ ದಾರಿ ತಪ್ಪಿದ ಹಾಗೆ, ಹೋಗುತ್ತದೆ, ತಿರುಗುತ್ತದೆ, ಎಲ್ಲಿ ಹೋದ್ರೇ ಎಲ್ಲರೂ, ಅಂತಾಳೆ ಅಮ್ಮ, ಮನೇಲಿ ಯಾರೂ ಇಲ್ವಾ.

ಯಾರೂ ಇಲ್ವಾ, ಆ ಮಾತಿಗೇ ಅವಳು ಓಡಿದ್ದು, ಮೆಟ್ಟಿಲು ಇಳಿದು, ಇನ್ನೂ ಇಳಿದು, ಯಾರನ್ನೋ ಕೇಳಿ, ಯಾರಿಗೋ ಡಿಕ್ಕಿ ಹೊಡೆದು, ಗಾಡಿಯ ಹಿಂದೆ, ಈಗ ಎರಡು ಕಡೆಗೂ ತೆರೆದುಕೊಳ್ಳುವ ರಬ್ಬರಿನ ಬಾಗಿಲು ಅವಳ ಮುಖಕ್ಕೆ ಪಟ್ಟೆಂದು ಹೊಡೆದು ಒಳಗೆ ಬಿಟ್ಟಿತು, ಆವಿ, ಸಾಬೂನು, ಸುಟ್ಟ ಹತ್ತಿಯ ವಾಸನೆ, ಸಾಲಾಗಿ ಯಂತ್ರಗಳು, ಒಂದೊಂದಕ್ಕೂ ದುಂಡನೆಯ ಗಾಜಿನ ಬಾಯಿ, ಎಲ್ಲವೂ ಬಾಯಿ ಮುಕ್ಕಳಿಸುತ್ತಿವೆ, ಒಗೆಯುವವನು ಗುಂಡುಗುಂಡಗಿನ ಮನುಷ್ಯ, ಯಂತ್ರದ ಸದ್ದಿನಲ್ಲೇ ಹುಟ್ಟಿ ಬೆಳೆದವನ ಹಾಗೆ ಕೂಗಿ ಮಾತಾಡುವವನು, ಏನ್ ಬೇಕಿತ್ತು ಮೇಡಂ, ಇಲ್ಲೆಲ್ಲ ಬರಬಾರದು, ಯಜಮಾನ್ರೇ ನಮ್ಮದೊಂದು ಬಟ್ಟೆ ಬಂದಿದೆ, ಬಿಳೀದು, ಬಿಳೀದಾ, ಅವನು ನಕ್ಕ, ಹೊಟ್ಟೆಯೂ ನಕ್ಕಿತು, ಬಿಳಿ ಬಟ್ಟೆ ಕಳೆದಿದೆ ಅಂತ ಇಲ್ಲಿಗೆ ಬಂದ್ರಾ, ಸಮುದ್ರಕ್ಕೆ ಹೋಗಿ ನನ್ನ ಒಂದು ಚೊಂಬು ನೀರು ಎಲ್ಲಿ ಅಂದ ಹಾಗಾಯ್ತು, ಹುಡುಕ್ಕೊಳಿ, ನಾನೇನೂ ಬೇಡ ಅನ್ನಲ್ಲ, ಆ ರಾಶಿ ಈಗ ಬಂದಿದ್ದು, ಆ ಕಡೇದು ಆಗಲೇ ಯಂತ್ರಕ್ಕೆ ಹೋಯ್ತು, ಯಾವುದು ಹೋಯಿತು, ಯಾವ ವಾರ್ಡಿನದು, ಬಟ್ಟೆಗೆ ವಾರ್ಡ್ ಯಾವುದು ಮೇಡಂ, ಇಲ್ಲಿ ಬಂದ ಮೇಲೆ ಎಲ್ಲ ಒಂದೇ ಜಾತಿ, ಅವಳು ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿದಳು, ಯಾರದೋ ಬೆವರು, ಯಾರದೋ ರಕ್ತ, ಯಾರದೋ ಔಷಧಿ, ಸೋಪಿನತ್ತೆ ಇದ್ದಿದ್ದರೆ ಇಲ್ಲಿಯೇ ಎದೆ ಒಡೆದು ಸಾಯುತ್ತಿದ್ದಳು, ತೆಳ್ಳಗೆ, ತೆಳ್ಳಗೆ, ಇದೂ ತೆಳ್ಳಗೆ, ಪ್ರಯಾಣಿಕರ ಗಮನಕ್ಕೆ, ಬಿಳಿ ಗವಸು ಧರಿಸಿರುವ, ಮೈಮೇಲೆ ಗಂಟುಗಳಿರುವ, ವಯಸ್ಸಾದ ಕೌದಿಯೊಂದು ತಪ್ಪಿಸಿಕೊಂಡಿದೆ, ಕಂಡವರು ದಯವಿಟ್ಟು ವಿಚಾರಣಾ ಕೊಠಡಿಗೆ, ದಿನವೂ ಬಸ್ ನಿಲ್ದಾಣದ ಮೈಕಿನಲ್ಲಿ ಕಳೆದುಹೋದ ಯಾರುಯಾರದೋ ಮಕ್ಕಳನ್ನು, ಚೀಲಗಳನ್ನು, ಮರೆತುಹೋದ ಅಜ್ಜಂದಿರನ್ನು ಕೂಗಿ ಕೂಗಿ ಹುಡುಕಿಸಿಕೊಟ್ಟ ದನಿ ಇದು, ಎಂಥೆಂಥವರೋ ಸಿಕ್ಕಿದ್ದಾರೆ, ಒಮ್ಮೆ ಒಬ್ಬನ ಹಲ್ಲಿನ ಸೆಟ್ಟು ಸಿಕ್ಕಿತ್ತು, ಈಗ ನಮ್ಮದೇ ಕಳೆದಿದೆ, ಮೈಕಿಲ್ಲ, ಇದ್ದರೂ ಬಟ್ಟೆಗೆ ಕಿವಿಯಿಲ್ಲ.

ಫೋನು ನಡುಗಿತು, ಸಿಗ್ನಲ್ಲು ಒಂದು ಕಡ್ಡಿ, ಅದೂ ಸಾಯುವ ಹಾಗೆ, ತಮ್ಮ, ಅಕ್ಕಾ ಸಿಕ್ತಾ, ಇಲ್ಲ ಕಣೋ, ಅಕ್ಕ ಅಮ್ಮನ ಕೈ ಹುಡುಕ್ತಾನೇ ಇದೆ, ನಿಲ್ತಾ ಇಲ್ಲ, ನನ್ನ ಅಂಗಿ ಹಿಡ್ಕೊಂಡು ತಡವಿ ನೋಡ್ತಾಳೆ, ಇದು ಯಾರು ಇದು ಯಾರು ಅಂತಾಳೆ, ನಾನೇ ಅಮ್ಮ ನಿನ್ನ ಮಗ ಅಂದ್ರೆ ನಿನ್ನನ್ನಿನ್ನೂ ಹೊಲಿದಿಲ್ವಲ್ಲೋ ಅಂತಾಳೆ, ನೀನೇ ಹೇಳಿಸೋ ತಮ್ಮಾ, ನಾನು ಬರೋವರೆಗೂ ಕೇಳು, ಆ ಕೆಂಪು ತುಂಡು ಯಾರದು ಅಂತ ಕೇಳು, ಕೇಳಿದೆ ಅಕ್ಕ, ಯಾವ ಕೆಂಪು ಅಂತಾಳೆ, ಕೈಗೆ ಕೊಡು ಹೇಳ್ತೀನಿ ಅಂತಾಳೆ, ಮೂಲೆಯಿಂದ ಕೊಡು ಅಂತಾಳೆ, ಹೌದಲ್ಲ, ಮೂಲೆಯಿಂದಲೇ ಕೊಡಬೇಕು, ಮಗ್ಗಿಯನ್ನು ನಡುವಿನಿಂದ ಹೇಳು ಅಂದರೆ ಯಾರಿಗೆ ಬರುತ್ತದೆ, ಅಮ್ಮನ ಬಾಯಿ ಬೆರಳಿನ ಹಿಂದೆ ಬರುವ ಬಾಯಿ, ಬೆರಳು ಮೂಲೆ ಹಿಡಿದು ಸುತ್ತು ಹೊಡೆಯುತ್ತ ಒಳಗೆ ಒಳಗೆ ಬಂದರೆ ಬಾಯಿಯೂ ಬರುತ್ತದೆ, ಬೆರಳಿಗೆ ಬಟ್ಟೆ ಇಲ್ಲದಿದ್ದರೆ ಬಾಯಿಗೆ ಬಂಧು ಇಲ್ಲ, ಇವತ್ತು ಬೆಳಿಗ್ಗೆ ಬರುತ್ತಿತ್ತು, ಎಷ್ಟು ದಿನಗಳ ಮೇಲೆ ಅಮ್ಮ ಅಮ್ಮನ ಹಾಗೇ ಇದ್ದಳು, ಏ ರೇಡಿಯೋ, ಮನೆಯಲ್ಲಿ ಇವಳಿಗೆ ಅದೇ ಹೆಸರು, ಬಾ ಇಲ್ಲಿ, ಕೂತ್ಕೋ, ಇವತ್ತು ಪೂರ್ತಿ ಹೇಳಿಬಿಡ್ತೀನಿ, ನಾಳೆ ಗ್ಯಾರಂಟಿ ಇಲ್ಲ, ಇವಳು ಫೋನು ತೆಗೆದು ರೆಕಾರ್ಡಿಗೆ ಇಟ್ಟಳು, ಅದೇನೇ ಅದು ಟಿಕ್ ಅಂತು, ಡಬ್ಬಿಗೆಲ್ಲ ಹೇಳಲ್ಲ ನಾನು, ಡಬ್ಬಿಗೇನು ನೆಂಟಸ್ತಿಕೆ, ನಿನಗೆ ಹೇಳ್ತೀನಿ, ತೆಗೆದಿಡು, ತೆಗೆದಿಟ್ಟಳು, ಗವಸಿನೊಳಗೆ ಕೈ ತೂರಿಸಿ ಅಮ್ಮ ಮೂಲೆ ಹಿಡಿದು ಹೊರಟಳು, ಸತ್ತವರೆಲ್ಲ ಒಬ್ಬೊಬ್ಬರಾಗಿ ಎದ್ದು ತಮ್ಮ ಹಾಜರಿ ಹೇಳಿದರು, ಸುತ್ತು ಸುತ್ತಿ ಬೆರಳು ಆ ಕೆಂಪಿನ ಹತ್ತಿರ ಬಂತು, ನಡುವಿನ ಕೆಂಪು, ಒಂಟಿ ಗಂಟೂ ಇಲ್ಲದ, ಜೋಡಿ ಗಂಟೂ ಇಲ್ಲದ, ಗಂಟನ್ನೆಲ್ಲ ಒಳಮಗ್ಗುಲಿಗೆ ನುಂಗಿಕೊಂಡ ಒಂದೇ ಒಂದು ತೇಪೆ, ಗುಂಡಿ ಇಲ್ಲದೆ, ಗುಂಡಿ ತೂರಿಸುವ ಕಾಜಾ ಒಂದು ಮಾತ್ರ ಇರುವ ತೇಪೆ, ಅಮ್ಮನ ಬೆರಳ ತುದಿ ಕಾಜಾದೊಳಗೆ ಹೋಯಿತು, ಉಸಿರು ಒಳಗೆ ಹೋಯಿತು, ಯಾವತ್ತಿನಂತೆ ಹೂಂ ಎಂದಳು, ಅಮ್ಮಾ ಇದು ಯಾರದು, ಯಾವತ್ತೂ ಹೇಳಲಿಲ್ಲ ನೀನು, ಬೆರಳು ಅಲ್ಲಿಯೇ ನಿಂತಿತು, ಹೇಳ್ತೀನಿ ಕಣೇ, ಇದನ್ನ ಹೇಳದೇ ಹೋಗಲ್ಲ, ಗಂಟಲು ಒಣಗಿದೆ, ಒಂದು ತೊಟ್ಟು ಬಿಸಿನೀರು ತಗೊಂಡು ಬಾ, ಒಂದು ತೊಟ್ಟು, ಒಂದು ತೊಟ್ಟಿಗೆ ಇವಳು ಇಡೀ ಫ್ಲಾಸ್ಕು ಹಿಡಿದು ಹೋದಳಲ್ಲ, ನಲ್ಲಿಯ ಮುಂದೆ ಸಾಲು, ಮುಂದಿದ್ದವಳು ಬಾಟಲಿ ತೊಳೆದಳು, ಮತ್ತೆ ತೊಳೆದಳು, ಇನ್ನೊಬ್ಬಳು ಸೋಪಿನತ್ತೆ, ಪಕ್ಕದ ಹಾಸಿಗೆಯವರ ಹತ್ತಿರ ಒಂದು ಲೋಟ ಇಸಕೊಂಡಿದ್ದರೆ, ಒಂದು ಲೋಟ, ನಾಚಿಕೆ, ಕೇಳಲು ನಾಚಿಕೆ, ಈಗ ಯಾರದೋ ಮೂತ್ರದ ಬಟ್ಟೆಯೊಳಗೆ ಕೈಯಿಟ್ಟು ಕೂತಿದ್ದೀಯಲ್ಲ, ಈಗ ಎಲ್ಲಿ ಹೋಯಿತೇ ನಾಚಿಕೆ.

ಕೌದಿಗೆ ನೀರು ತೋರಿಸಬೇಡ, ಅದೊಂದೇ ಶಾಸನ ಆ ಮನೆಯಲ್ಲಿ, ಬಿಸಿಲಿಗೆ ಹಾಕಬಹುದು, ಕೋಲಿನಿಂದ ಮೆಲ್ಲಗೆ ಬಡಿಯಬಹುದು, ಕೊಳೆಯಾದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯಬಹುದು, ನೀರಿಗೆ ಅದ್ದುವ ಹಾಗಿಲ್ಲ, ಸೋಪಿನತ್ತೆ ಬದುಕಿದ್ದಷ್ಟು ಕಾಲ ಅದರ ಮೇಲೆ ಕಣ್ಣಿಟ್ಟಿದ್ದಳು, ಒಂದು ಸಲ, ಒಂದೇ ಒಂದು ಸಲ ನೆನೆಸಿ ಕೊಡ್ತೀನಿ ಕಣೇ, ಕೈ ತುರಿಸ್ತಾ ಇದೆ, ನೀವು ಸತ್ತ ಮೇಲೂ ಇದನ್ನ ಒಗೆಯೋಕೆ ಬಿಡಲ್ಲ ಅಂದಿದ್ದಳು ಅಮ್ಮ, ಕೆಂಪು ಬಣ್ಣ ಬಿಡುತ್ತೆ, ಅಷ್ಟೇ ಕಾರಣ, ಒಂದು ಅಂಗೈಯಗಲದ ಕೆಂಪಿಗೋಸ್ಕರ ಇಡೀ ವಂಶ ಸ್ನಾನ ಮಾಡದೇ ಕೂತಿತ್ತು, ಹಾಗಂತ ನೆಂಟರ ಮುಂದೆ ಇವಳೇ ಹೇಳಿ ನಗಿಸುತ್ತಿದ್ದಳು, ಎಲ್ಲರೂ ಸೇರಿದ ದಿನ ಊಟವಾದ ಮೇಲೆ ಯಾರಾದರೂ ಒಬ್ಬರು ಅನ್ನುತ್ತಿದ್ದರು, ರೇಡಿಯೋ ಹಚ್ರೋ, ಆಗ ಇವಳು ಒಂದು ಟವೆಲ್ಲು ತೊಡೆಯ ಮೇಲೆ ಹಾಸಿಕೊಂಡು, ಕಣ್ಣು ಮುಚ್ಚಿ, ಅಮ್ಮನ ಹಾಗೆ ತುಟಿ ಒಳಗೆ ಎಳೆದುಕೊಂಡು, ಬೆರಳನ್ನು ಇರುವೆಯ ಹಾಗೆ ನಡೆಸುತ್ತ ಶುರು ಮಾಡುತ್ತಿದ್ದಳು, ಇದೂ ಮುತ್ತಜ್ಜೀ, ದಿಂಬಿನ ಗವಸೂ, ರಾಗ ಎಳೆದು ಎಳೆದು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು ಎಲ್ಲರೂ, ಅಮ್ಮನೂ ನಗುತ್ತಿದ್ದಳು, ಮಂಗ, ಮಂಗ ಹುಟ್ಟಿದೆ ನನ್ನ ಹೊಟ್ಟೇಲಿ, ಒಂದು ಸಲ ನಡುವಿನ ಕೆಂಪಿಗೆ ಬಂದಾಗ ಇವಳು ಬೆರಳನ್ನು ಗಾಳಿಯಲ್ಲಿ ತೂರಿಸಿ, ಉಸಿರೆಳೆದು, ಗೂಬೆಯ ಹಾಗೆ ಹೂಂ ಅಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಪ್ಪ ಎದ್ದು ಹೊರಗೆ ಹೋದ, ಸಿಗರೇಟು ಸೇದಲು ಹೋದ ಅಂದುಕೊಂಡಿದ್ದಳು, ಅಪ್ಪ ಸಿಗರೇಟು ಸೇದುತ್ತಿರಲಿಲ್ಲ, ಅದು ಈಗ, ಈ ಆವಿಯಲ್ಲಿ, ಈ ಹೊಲಸಿನ ರಾಶಿಯಲ್ಲಿ ಮೊಣಕಾಲೂರಿ ಕೂತಾಗ ನೆನಪಾಗಬೇಕೆ, ಅಪ್ಪ ಯಾವತ್ತೂ ಸೇದಿದವನಲ್ಲ.

ರಾಶಿ ಮುಗಿಯಿತು, ರಾಶಿಯ ತಳದಲ್ಲಿ ಸಿಮೆಂಟಿನ ನೆಲ, ಯಜಮಾನ್ರೇ ಇಲ್ಲಿಲ್ಲ, ಹಾಗಾದ್ರೆ ಹೊಟ್ಟೆಯೊಳಗಿದೆ ಮೇಡಂ, ಅವನು ಯಂತ್ರಗಳ ಕಡೆ ಗಲ್ಲ ಎತ್ತಿ ತೋರಿಸಿದ, ಅವಳು ಒಂದು ಗಾಜಿನಿಂದ ಇನ್ನೊಂದು ಗಾಜಿಗೆ ಮುಖ ಒತ್ತಿ ಒತ್ತಿ ನೋಡಿದಳು, ಬಿಳಿ ನೊರೆ, ಬಿಳಿ ಬಟ್ಟೆ, ನೊರೆಯೇ ಬಟ್ಟೆಯೋ ಬಟ್ಟೆಯೇ ನೊರೆಯೋ, ಇದಲ್ಲ, ಮುಂದಿನದು, ಇದಲ್ಲ, ಮೂಲೆಯ ದೊಡ್ಡ ಯಂತ್ರ, ಗಾಜು ಬೆಚ್ಚಗಿದೆ, ಬಿಳಿ ಬಂತು, ಬಿಳಿ ಹೋಯಿತು, ಬಿಳಿ ಬಂತು, ಅದರ ಬಾಯಿ ಅರಳಿತ್ತು, ಅವಳೇ ತೆರೆದಿಟ್ಟಿದ್ದ ಮಗ್ಗುಲು, ಅಮ್ಮನ ಕೈಗೆಂದು ಬಿಟ್ಟಿದ್ದ ಬಾಗಿಲು, ಅದರೊಳಗಿಂದ ಅಪ್ಪನ ಪ್ಯಾಂಟಿನ ಖಾಕಿಯ ಒಂದು ಮೂಲೆ ನಾಲಗೆಯ ಹಾಗೆ ಹೊರಬಂತು, ಅಪ್ಪಾ, ಎಂದು ಕಿರುಚಿದಳು, ಸದ್ದಿನಲ್ಲಿ ಅವಳಿಗೇ ಕೇಳಿಸಲಿಲ್ಲ, ನಿಲ್ಲಿಸಿ, ಇದೇ, ಇದರಲ್ಲಿದೆ, ತೆಗೀರಿ ಇದನ್ನ, ಒಗೆಯುವವನು ಓಡಿ ಬಂದ, ತೆಗೆಯೋಕಾಗಲ್ಲ ಮೇಡಂ, ಒಮ್ಮೆ ತಿರುಗೋಕೆ ಶುರುವಾದ್ರೆ ಬಾಗಿಲಿಗೆ ತಾನೇ ಬೀಗ, ನೀರು ಇಳಿಯೋವರೆಗೂ ಬ್ರಹ್ಮ ಬಂದ್ರೂ ಬಿಡಲ್ಲ, ನಿಲ್ಲಿಸೋ ಗುಂಡಿ ಇದೆಯಲ್ಲ, ಇಗೋ ಇಲ್ಲಿ, ಕೆಂಪು ಗುಂಡಿ, ಒತ್ತಿದಳು, ಒತ್ತಿದಳು, ಅದು ಕೆಟ್ಟಿದೆ ಮೇಡಂ, ಹೇಳಿ ಹೇಳಿ ಸಾಕಾಯ್ತು, ಸರಿಮಾಡೋರು ಬರಬೇಕು, ಹಾಗಾದರೆ ಕರೆಂಟು ತೆಗೆಯಿರಿ, ಕರೆಂಟ್ ತೆಗೆದ್ರೂ ಒಳಗಿರೋದು ಕುದಿನೀರು, ಬಾಗಿಲು ಬಿಡಲ್ಲ, ಬಿಟ್ಟರೆ ನಿಮ್ಮ ಮುಖಾನೂ ಒಗೆದುಹೋಗುತ್ತೆ, ಅವಳು ಹಿಡಿಕೆ ಹಿಡಿದು ಜಗ್ಗಿದಳು, ಕಾಲನ್ನು ಯಂತ್ರಕ್ಕೆ ಒತ್ತುಕೊಟ್ಟು ಜಗ್ಗಿದಳು, ಫ್ಲಾಸ್ಕು ಬಿತ್ತು, ಒಳಗಿನ ಗಾಜು ಝಲ್ಲೆಂದಿತು, ಒಂದು ತೊಟ್ಟು ನೀರು ಅಂದಿದ್ದಳು, ಅಷ್ಟೂ ಹೋಯಿತು, ಅವನು ಅವಳ ಎರಡೂ ರಟ್ಟೆ ಹಿಡಿದು ಹಿಂದಕ್ಕೆಳೆದ, ಏನಿದೆ ತಾಯಿ ಅದರೊಳಗೆ, ಚಿನ್ನ ಗಿನ್ನ ಹೊಲಿದಿದ್ರಾ, ಮನೆಯವರಿದ್ದಾರೆ, ಅಂದಳು, ಅವನು ಕೈ ಬಿಟ್ಟ, ಎರಡು ಹೆಜ್ಜೆ ಹಿಂದೆ ಸರಿದು ಗಾಜಿನ ಕಡೆ ನೋಡಿದ, ಮತ್ತೆ ಇವಳ ಕಡೆ ನೋಡಿದ, ಇಂಥವರು ಮೇಲಿನ ಯಾವ ವಾರ್ಡಿನಿಂದ ಇಳಿದು ಬರುತ್ತಾರೆಂದು ಯೋಚಿಸುವವನ ಹಾಗೆ, ಯೋಚಿಸಲಿ, ಇಡೀ ಮನೆಯ ಒಗೆತನವನ್ನೇ ಒಗೆಯಲು ಹಾಕಿದ್ದೀರಲ್ಲ ಯಜಮಾನ್ರೇ, ಎಂದು ಹೇಳಿ ನಗಲು ಹೋದಳು, ನಗು ಬರಲಿಲ್ಲ, ಇಂಥ ಹೊತ್ತಲ್ಲೂ ಮಾತಿಗೊಂದು ಬಾಲ ಕಟ್ಟುವ ನಾಲಗೆಯನ್ನು ಕತ್ತರಿಸಿ ಹಾಕಬೇಕು.

ಕೌದಿ ಗವಸಿನಿಂದ ಪೂರಾ ಹೊರಗೆ ಬಂದಿತ್ತು, ಗವಸು ಹಾವು ಬಿಟ್ಟ ಪೊರೆಯ ಹಾಗೆ ಹಿಂದೆ ಉಳಿಯಿತು, ಈಗ ಗಾಜಿಗೆ ಒಂದೊಂದೇ ಮುಖ ಬಂದು ಬಡಿಯುತ್ತಿದೆ, ಬಡಿದು ಹೋಗುತ್ತಿದೆ, ಅವಳು ಗಾಜಿಗೆ ಹಣೆ ಹಚ್ಚಿದಳು, ಅಮ್ಮ ಹೇಳದಿದ್ದರೆ ಏನಂತೆ, ಕೇಳಿಲ್ಲವೇ ಜೀವಮಾನವಿಡೀ, ಹೇಳು ನೋಡೋಣ, ಈ ಕಪ್ಪು ಯಾರದು, ಹೇಳೇ, ಬಾಯಿ ತೆರೆದಳು, ಏನೂ ಇಲ್ಲ, ಖಾಲಿ, ಕಪ್ಪು ಬಟ್ಟೆ, ಯಾರೋ ಮಾವ, ಯಾವ ಮಾವ, ಕೇಳುತ್ತಿದ್ದದ್ದು ಕಿವಿಯಿಂದಲ್ಲ, ಅಣಕಿಸಲಿಕ್ಕೆಂದು ತುಟಿ ನೋಡಿಕೊಂಡು ಕೂತಿದ್ದಳು, ವಂಶ ಬೇಕಿರಲಿಲ್ಲ, ರಾಗ ಬೇಕಿತ್ತು, ಅಯ್ಯೋ, ರಾಗ, ರಾಗವಿದೆಯಲ್ಲ, ತುಟಿಯನ್ನು ಒಳಗೆ ಎಳೆದುಕೊಂಡಳು, ಕಣ್ಣನ್ನು ಅರ್ಧ ಮುಚ್ಚಿದಳು, ಬೆರಳನ್ನು ಗಾಜಿನ ಮೇಲೆ ಇರುವೆಯ ಹಾಗೆ ಇಟ್ಟಳು, ಗಂಟಲಿನೊಳಗೆ ಎಲ್ಲೋ ಒಂದು ಹಳೆಯ ತಿರುಗಣಿ ತಿರುಗಿತು, ಇದು ಕೊಡೆ ಮಾವ, ಊರಿಗೆಲ್ಲ ಕೊಡೆ ಹೊಲಿದ, ತಾನು ಮಳೇಲಿ ನೆನೆದು ಜ್ವರ ಬಂದು ಹೋದ, ಬಂತು, ಅಮ್ಮನ ದನಿಯಲ್ಲಿ ಬಂತು, ಟವೆಲ್ಲಿನ ಮೇಲೆ ಮಾಡುತ್ತಿದ್ದ ಅದೇ ಕೀಟಲೆಯ ದನಿಯಲ್ಲಿ, ಕಪ್ಪು ಹೋಯಿತು, ಬಿಳಿಯ ಮೇಲೆ ಸಣ್ಣ ಹೂವು, ಇದು ಮುತ್ತಜ್ಜಿ, ದಿಂಬಿನ ಗವಸು, ಅಷ್ಟೊಂದು ಹೆತ್ತಳು, ಒಂದು ಮಗೂಗೂ ಬೈಲಿಲ್ಲ, ಬೈಗುಳವೆಲ್ಲ ಗಂಡನಿಗೆ ಎತ್ತಿಟ್ಟಿದ್ಲು, ಹಸಿರು, ಇದು ರೈಲಜ್ಜ, ಬಾವುಟ ಹಿಡಿದು ಲೋಕವನ್ನೆಲ್ಲ ಊರಿಂದೂರಿಗೆ ಕಳಿಸಿದ, ತಾನು ಒಂದು ದಿನವೂ ರೈಲು ಹತ್ತಲಿಲ್ಲ, ಖಾಕಿ, ಇದು ನಿಮ್ಮಪ್ಪ, ಪ್ಯಾಂಟಿನ ಮಂಡಿ, ಯಾರ ಮುಂದೂ ಮಂಡಿ ಊರದೋನು, ಟೈರಿನ ಮುಂದೆ ಬಿಟ್ಟು, ನೀಲಿ ಚೌಕಳಿ, ಇದು ಸೋಪಿನತ್ತೆ, ಅಡುಗೆಮನೆ ಮೇಲಂಗಿ, ಸಾಯೋ ದಿನವೂ ಒಗೆದು ಹಾಕಿದ್ಲು, ಒಣಗೋಕೆ ಮುಂಚೆ ಹೋದ್ಲು, ಒಗೆಯುವವನು ಹತ್ತಿರ ಬಂದು ನಿಂತಿದ್ದಾನೆ, ಯಾರ ಹತ್ತಿರ ಮಾತಾಡ್ತೀರಿ ಮೇಡಂ, ಷ್, ತಪ್ಪಿಹೋಗುತ್ತೆ, ಮಧ್ಯೆ ಮಾತಾಡಿಸಬೇಡ, ಅಂದಳು, ಅದೂ ಅಮ್ಮನ ದನಿಯಲ್ಲೇ ಬಂತು.

ನೊರೆ ಬಣ್ಣ ತಿರುಗುತ್ತಿದೆ, ಮೊದಲು ಅಂಗೈಯಷ್ಟು ಗುಲಾಬಿ, ಆಮೇಲೆ ಗಾಜಿನಷ್ಟು ಗುಲಾಬಿ, ಅಯ್ಯಯ್ಯೋ, ಎಂದು ಒಗೆಯುವವನು ತಲೆಯ ಮೇಲೆ ಕೈಯಿಟ್ಟ, ವಾರ್ಡಿನ ಬಿಳಿಯೆಲ್ಲ ಹೋಯ್ತಲ್ರೀ, ಮೇಲಿನವರಿಗೆ ಏನು ಹೇಳಲಿ ನಾನು, ಮುತ್ತಜ್ಜಿ ಬಂದಳು, ಗುಲಾಬಿಯಾಗಿದ್ದಾಳೆ, ರೈಲಜ್ಜನ ಹಸಿರಿಗೆ ಕೆಸರಿನ ಬಣ್ಣ ಬಂದಿದೆ, ಅಪ್ಪನ ಖಾಕಿಯ ಅಂಚಿನಲ್ಲಿ ಕೆಂಪು ಇಳಿಯುತ್ತಿದೆ, ಎಲ್ಲರ ಮೇಲೂ, ಯಾರನ್ನೂ ಬಿಡದೆ, ಇಷ್ಟು ಕಾಲ ನಡುವಿನಲ್ಲಿ ಗಂಟು ನುಂಗಿಕೊಂಡು ಕೂತಿದ್ದದ್ದು ಈಗ ಮನೆಮಂದಿಯ ಮೈಮೇಲೆಲ್ಲ ಓಡಾಡುತ್ತಿದೆ, ಮುಟ್ಟುತ್ತಿದೆ, ಮತ್ತೆ ಅದೇ ಬಂತು, ಕೆಂಪೇ ಬಂತು, ಕಾಜಾ ಗಾಜಿಗೆ ಒತ್ತಿತು, ಎಷ್ಟು ಚಿಕ್ಕದು, ದೇವರೇ, ಎಷ್ಟು ಚಿಕ್ಕ ಕಾಜಾ, ಇಷ್ಟು ವರ್ಷ ಅಮ್ಮನ ಬೆರಳು ಅದನ್ನು ಮುಚ್ಚಿಯೇ ಇರುತ್ತಿತ್ತು, ಇವಳು ಅದನ್ನು ಬರಿದಾಗಿ ನೋಡಿಯೇ ಇರಲಿಲ್ಲ, ದೊಡ್ಡವರ ಗುಂಡಿ ಇದರಲ್ಲಿ ತೂರುವುದಿಲ್ಲ, ತಮ್ಮನ ಹಳೆಯ ಕೂಸಿನಂಗಿಗೂ ಇದಕ್ಕಿಂತ ದೊಡ್ಡದಿತ್ತು, ಆದರೆ ಮೊದಲು ಹುಟ್ಟಿದವಳು ನಾನೇ ಅಲ್ಲವೇ ಅಮ್ಮ, ನನಗಿಂತ ಮೊದಲು ಯಾರೂ, ಕೆಂಪು ಹೋಯಿತು, ಅವಳ ಗಂಟಲು ತಾನಾಗಿಯೇ ಉಸಿರೆಳೆದುಕೊಂಡಿತು, ಬೆರಳು ಗಾಜಿನ ಮೇಲೆ ನಿಂತಿತು, ಹೂಂ, ಗೂಬೆಯ ಹಾಗಲ್ಲ, ಅದು ಆವತ್ತು ನಗಿಸಲು ಮಾಡಿದ್ದು, ಸುಳ್ಳು ಮಾಡಿದ್ದು, ಇದು ಸರಿಯಾದದ್ದು, ಅಮ್ಮನದು, ಒಲೆಯ ಮುಂದೆ ಕೈ ಬಿಡುವಿಲ್ಲದೆ ಕೂತವಳನ್ನು ಒಳಮನೆಯಿಂದ ಯಾರೋ ಕೂಗಿದರೆ ತಲೆಯೆತ್ತದೆ ಅನ್ನುತ್ತಾಳಲ್ಲ, ಬಂದೆ ಇರು, ಅನ್ನುವ ಹಾಗೆ, ಹಾಗೆ.

ಫೋನು ನಡುಗಿತು, ತಮ್ಮ, ಕಡ್ಡಿಯಿಲ್ಲದ ಸಿಗ್ನಲ್ಲಿನಲ್ಲಿ ಮಾತು ಹರಿದು ಹರಿದು, ಅಕ್ಕ, ಅಕ್ಕಾ ಕೇಳಿಸ್ತಾ, ಕೈ ನಿಂತಿದೆ ಅಕ್ಕ, ಹುಡುಕ್ತಾ ಇಲ್ಲ ಈಗ, ಸಿಸ್ಟರ್ ಬಂದ್ರು, ನೀನು ಬಾ, ಅಕ್ಕ, ಸಿಗದಿದ್ದರೆ ಬಿಡು, ನೀನು ಬಾ, ಬರುತ್ತೇನೆ ಕಣೋ, ಒಂದು ನಿಮಿಷ, ಒಂದೇ ಒಂದು ನಿಮಿಷ, ಸಿಕ್ಕಿದೆ, ಇಲ್ಲೇ ಇದೆ, ಎಲ್ಲರೂ ಇದ್ದಾರೆ ಅಂತ ಅಮ್ಮನ ಕಿವಿಯಲ್ಲಿ ಹೇಳು, ಮನೆಯಲ್ಲಿ ಎಲ್ಲರೂ ಇದ್ದಾರೆ ಅಂತ ಹೇಳು, ಆ ಕಡೆ ದನಿಯಿಲ್ಲ, ಕಡ್ಡಿ ಸತ್ತಿದೆ, ಓಡಬೇಕು, ಮೆಟ್ಟಿಲಿದೆ, ಇಳಿಜಾರಿದೆ, ಕಾಲು ಓಡುವುದಿಲ್ಲ, ಈಗ ಕೆಂಪು ಬರುತ್ತದೆ, ನೀಲಿ ಚೌಕಳಿಯಾದ ಮೇಲೆ ಬರುತ್ತದೆ, ಇದು ಸೋಪಿನತ್ತೆ, ಒಣಗೋಕೆ ಮುಂಚೆ ಹೋದ್ಲು, ಇದು, ಗಾಜಿಗೆ ಕೆಂಪು ಬಂದು ಬಡಿಯಿತು, ಗುಂಡಿಯಿಲ್ಲದ ಆ ಚಿಕ್ಕ ಕಾಜಾದಿಂದ ಗುಲಾಬಿ ನೊರೆಯ ಒಂದು ಗುಳ್ಳೆ ಹೊರಬಂತು, ಒಡೆಯಿತು, ಇದು, ಕೆಂಪು ಹೋಯಿತು, ಇದು ಯಾರು, ಕೆಂಪು ಬಂತು, ಚಿಕ್ಕ ಕಾಜಾ, ಒಂದು ಗುಳ್ಳೆ, ಹೂಂ, ಕೆಂಪು ಹೋಯಿತು, ಕೆಂಪು ಬಂತು, ಚಿಕ್ಕ ಕಾಜಾ, ಗುಳ್ಳೆ, ಹೂಂ, ಕೆಂಪು—